ಖಲೀಫಾ ಸಿಟಿ: ಸ್ಥಳೀಯ ಆಡಳಿತ ಮತ್ತು ನಿವಾಸಿಗಳ ಸೇವೆಗಳು

ಖಲೀಫಾ ಸಿಟಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಜಧಾನಿ ಅಬುಧಾಬಿಯ ಹೊರವಲಯದ ಒಂದು ದೊಡ್ಡ ವಸತಿ ಬಡಾವಣೆ. ಅಬುಧಾಬಿಯ ಹಳೆಯ ನಗರ ಇರುವುದು ದ್ವೀಪದ ಮೇಲೆ. ಸೇತುವೆ ದಾಟಿ ಮುಖ್ಯಭೂಮಿಗೆ ಬಂದು ವಿಮಾನ ನಿಲ್ದಾಣದ ಕಡೆಗೆ ಹೊರಟರೆ ಎತ್ತರದ ಕಾಂಪೌಂಡ್ ಗೋಡೆಗಳ ಹಿಂದೆ ಸಾಲುಸಾಲಾಗಿ ವಿಲ್ಲಾಗಳಿರುವ ಈ ಪ್ರದೇಶ ಸಿಗುತ್ತದೆ. 2004ರಿಂದ 2022ರವರೆಗೆ ಅಬುಧಾಬಿಯ ಅರಸರೂ ದೇಶದ ಅಧ್ಯಕ್ಷರೂ ಆಗಿದ್ದ ಶೇಖ್ ಖಲೀಫಾ ಬಿನ್ ಝಾಯೆದ್ ಅಲ್ ನಹ್ಯಾನ್ ಅವರ ಹೆಸರನ್ನು ಇದಕ್ಕಿಟ್ಟಿದ್ದಾರೆ. ಮೊದಲು ಇದರ ಹೆಸರು ಖಲೀಫಾ ಸಿಟಿ ಎ ಎಂದಿತ್ತು. ಖಲೀಫಾ ಸಿಟಿ ಬಿ ಎಂದು ಕರೆಸಿಕೊಳ್ಳುತ್ತಿದ್ದ ಬಡಾವಣೆ ಈಗ ಶಖ್‌ಬೂತ್ ಸಿಟಿ. ಹೆಸರಲ್ಲಿ ಸಿಟಿ ಇದ್ದರೂ ಇದಕ್ಕೆ ಸ್ವಂತ ನಗರಸಭೆಯಿಲ್ಲ, ವಾರ್ಡಿಲ್ಲ, ವಾರ್ಡಿಗೊಬ್ಬ ಸದಸ್ಯನಿಲ್ಲ. ಹಾಗಿದ್ದೂ ಬೀದಿದೀಪ ಉರಿಯುತ್ತದೆ, ಕಸ ಎತ್ತಲಾಗುತ್ತದೆ, ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ. ಮತವಿಲ್ಲದ ಕಡೆ ನಿವಾಸಿಗೂ ಆಡಳಿತಕ್ಕೂ ನಡುವಿನ ನಂಟು ಯಾವುದು ಎಂಬ ಪ್ರಶ್ನೆಯನ್ನು ಈ ಬಡಾವಣೆ ಬಹಳ ಸ್ಪಷ್ಟವಾಗಿ ಎತ್ತುತ್ತದೆ. ಆ ನಂಟು ನೋಂದಾಯಿತ ಬಾಡಿಗೆ ಕರಾರು ಎಂಬುದು ಈ ಲೇಖನದ ವಾದ. ಕರಾರು ತನ್ನ ಹೆಸರಿನಲ್ಲಿರುವವನಿಗೆ ಸಿಗುವ ಸೇವೆ ಭಾರತದ ಅನೇಕ ನಗರಗಳಿಗಿಂತ ಮೇಲ್ಮಟ್ಟದ್ದು. ಕರಾರಿಲ್ಲದವನು ಅದೇ ಬೀದಿಯಲ್ಲಿ ಬದುಕುತ್ತಿದ್ದರೂ ಸ್ಥಳೀಯ ಆಡಳಿತದ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ನಿಯಮ ಮುರಿದವನಾಗಿ ಮಾತ್ರ.

ಅಮೆರಿಕದ ಕೌಂಟಿ, ಕರ್ನಾಟಕದ ಜಿಲ್ಲಾ ಪಂಚಾಯತಿ, ಮಹಾನಗರ ಪಾಲಿಕೆ ಇವುಗಳ ಕೆಲಸವನ್ನೆಲ್ಲ ಇಲ್ಲಿ ಯಾರು ಮಾಡುತ್ತಾರೆ ಎಂಬುದನ್ನು ತಿಳಿಯಲು ಅಧಿಕಾರದ ಹಂತಗಳನ್ನು ನೋಡಬೇಕು. 1971ರ ಡಿಸೆಂಬರ್ 2ರಂದು ಆರು ಎಮಿರೇಟ್‌ಗಳು ಒಂದಾದವು. ಮರುವರ್ಷ ಫೆಬ್ರವರಿಯಲ್ಲಿ ರಾಸ್ ಅಲ್ ಖೈಮಾ ಸೇರಿ ಏಳಾದವು. ತಾತ್ಕಾಲಿಕ ಎಂದು ಬರೆದುಕೊಂಡ ಸಂವಿಧಾನವನ್ನು 1996ರಲ್ಲಿ ಕಾಯಂ ಮಾಡಲಾಯಿತು. ಅದರ ಪ್ರಕಾರ ರಕ್ಷಣೆ, ವಿದೇಶಾಂಗ, ಪೌರತ್ವ, ವೀಸಾ ಮುಂತಾದವು ಒಕ್ಕೂಟದ ಕೈಯಲ್ಲಿವೆ. ಒಕ್ಕೂಟಕ್ಕೆ ಎಂದು ಹೆಸರಿಸದ ಉಳಿದೆಲ್ಲ ಅಧಿಕಾರ ಎಮಿರೇಟ್‌ಗಳದ್ದು. ನೆಲ, ಮನೆ, ನೀರು, ಕಸ, ರಸ್ತೆ, ಬಸ್ಸು ಎಲ್ಲವೂ ಈ ಉಳಿದ ಪಾಲಿನಲ್ಲಿ ಬರುತ್ತವೆ. ಹಾಗಾಗಿ ಖಲೀಫಾ ಸಿಟಿಯ ನಿವಾಸಿಯ ವೀಸಾ ಒಂದು ಸರ್ಕಾರದ್ದು, ಮನೆ ಮುಂದಿನ ರಸ್ತೆ ಇನ್ನೊಂದು ಸರ್ಕಾರದ್ದು. ದೇಶದ ವಿಸ್ತೀರ್ಣದಲ್ಲಿ ಸುಮಾರು ಶೇ. 87ರಷ್ಟು ಅಬುಧಾಬಿ ಎಮಿರೇಟ್ ಒಂದರದ್ದೇ. 2023ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 38 ಲಕ್ಷ. ಅವರಲ್ಲಿ ಬಹುಪಾಲು ವಿದೇಶಿಯರು.

ಎಮಿರೇಟನ್ನು ಅಬುಧಾಬಿ, ಅಲ್ ಐನ್, ಅಲ್ ಧಫ್ರಾ ಎಂಬ ಮೂರು ಪ್ರದೇಶಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಪುರಾಡಳಿತ ಸಂಸ್ಥೆಯನ್ನು ಕೊಟ್ಟಿದ್ದಾರೆ. ಖಲೀಫಾ ಸಿಟಿ ಬರುವುದು ಅಬುಧಾಬಿ ನಗರ ಪುರಸಭೆಯ ವ್ಯಾಪ್ತಿಗೆ. ಇದರ ಆರಂಭ 1962ರಲ್ಲಿ. ಅಂದರೆ ಒಕ್ಕೂಟಕ್ಕಿಂತ ಇದೇ ಹಿರಿಯದು. ದುಬೈ ಪುರಸಭೆ ಅದಕ್ಕೂ ಹಿಂದಿನದು. 2007ರಲ್ಲಿ ಅಬುಧಾಬಿ ತನ್ನ ಆಡಳಿತವನ್ನು ದೊಡ್ಡ ಪ್ರಮಾಣದಲ್ಲಿ ತಿದ್ದಿಕೊಂಡಿತು. ಪುರಸಭೆಗಳ ಮೇಲೆ ಒಂದು ಇಲಾಖೆಯನ್ನು ತಂದಿತು, ನಗರ ಯೋಜನಾ ಮಂಡಳಿಯನ್ನು ಕಟ್ಟಿ 2030ರವರೆಗಿನ ನಗರಯೋಜನೆಯನ್ನು ಪ್ರಕಟಿಸಿತು. 2019ರಲ್ಲಿ ನಗರ ಯೋಜನೆ, ಪುರಾಡಳಿತ, ಸಾರಿಗೆ ಎಲ್ಲವೂ ಪುರಸಭೆ ಮತ್ತು ಸಾರಿಗೆ ಇಲಾಖೆ ಎಂಬ ಒಂದೇ ಸೂರಿನಡಿ ಸೇರಿದವು. ಇದೆಲ್ಲದರ ಮೇಲಿರುವುದು ಅರಸರು ನೇಮಿಸುವ ಕಾರ್ಯಕಾರಿ ಮಂಡಳಿ; ಈಗ ಅದರ ಅಧ್ಯಕ್ಷರು ಯುವರಾಜ ಶೇಖ್ ಖಾಲಿದ್ ಬಿನ್ ಮೊಹಮ್ಮದ್ ಬಿನ್ ಝಾಯೆದ್. ಈ ಸಾಲಿನಲ್ಲಿ ಎಲ್ಲಿಯೂ ನಿವಾಸಿಗಳು ಆರಿಸಿದ ಸಭೆಯಿಲ್ಲ. ದೇಶದ ಮಟ್ಟದ 40 ಸದಸ್ಯರ ರಾಷ್ಟ್ರೀಯ ಮಂಡಳಿಯ ಅರ್ಧದಷ್ಟು ಸ್ಥಾನಗಳಿಗೆ 2006ರಿಂದ ಚುನಾವಣೆ ನಡೆಯುತ್ತಿದೆಯಾದರೂ ಮತ ಹಾಕುವುದು ನಾಗರಿಕರಲ್ಲಿ ಆಯ್ದವರು ಮಾತ್ರ. ಬೀದಿದೀಪ, ಚರಂಡಿ ಆ ಮಂಡಳಿಯ ವಿಷಯಗಳೂ ಅಲ್ಲ.

ಸೇವೆಗಳನ್ನು ನೇರವಾಗಿ ಕೊಡುವವರು ಹೆಚ್ಚಾಗಿ ಪುರಸಭೆಯ ನೌಕರರಲ್ಲ, ಸರ್ಕಾರಿ ಒಡೆತನದ ಕಂಪನಿಗಳು. ಕಸದ ಹೊಣೆ 2008ರಲ್ಲಿ ಹುಟ್ಟಿದ ತದ್ವೀರ್ ಸಂಸ್ಥೆಯದ್ದು. ಕುಡಿಯುವ ನೀರು ಸಮುದ್ರದ ನೀರನ್ನು ಸಿಹಿಯಾಗಿಸಿ ಬರುವಂಥದ್ದು. ಮನೆಗಳಿಗೆ ಅದನ್ನೂ ವಿದ್ಯುತ್ತನ್ನೂ ಒದಗಿಸುವುದು ಅಬುಧಾಬಿ ವಿತರಣಾ ಕಂಪನಿ, ಈಗಿನ ಹೆಸರು ತಾಖಾ ಡಿಸ್ಟ್ರಿಬ್ಯೂಷನ್. ನಗರದ ಕೊಳಚೆ ನೀರನ್ನು ಸಾಗಿಸಲು ನೆಲದಾಳದಲ್ಲಿ 41 ಕಿಲೋಮೀಟರ್ ಉದ್ದದ ಸುರಂಗ ಕೊರೆದಿದ್ದಾರೆ. ನೀರು ಇಳಿಜಾರಿನ ಬಲದಲ್ಲೇ ಅಲ್ ವತ್ಬಾ ಕಡೆಗೆ ಹರಿದು ಶುದ್ಧೀಕರಣಗೊಳ್ಳುತ್ತದೆ. ಹೀಗೆ ಶುದ್ಧವಾದ ನೀರನ್ನು ಉದ್ಯಾನಗಳಿಗೂ ರಸ್ತೆ ಬದಿಯ ಗಿಡಗಳಿಗೂ ಬಳಸುತ್ತಾರೆ. ಸಾರ್ವಜನಿಕ ಬಸ್ಸುಗಳ ಈಗಿನ ವ್ಯವಸ್ಥೆ 2008ರಲ್ಲಿ ಶುರುವಾಯಿತು. 2021ರ ಜನವರಿ 2ರಿಂದ ದ್ವೀಪದ ಸೇತುವೆಗಳಲ್ಲಿ ದರ್ಬ್ ಎಂಬ ಟೋಲ್ ಜಾರಿಗೆ ಬಂತು. ಕೆಲಸಕ್ಕಾಗಿ ದ್ವೀಪಕ್ಕೆ ಹೋಗುವ ಖಲೀಫಾ ಸಿಟಿಯವರಿಗೆ ದಟ್ಟಣೆಯ ಹೊತ್ತಿನಲ್ಲಿ ಒಂದು ಸಲ ದಾಟಲು 4 ದಿರ್ಹಮ್ ತಗಲುತ್ತದೆ. ಪೊಲೀಸ್, ಅಗ್ನಿಶಾಮಕ ದಳ, ನ್ಯಾಯಾಲಯ ಮೂರೂ ಅಬುಧಾಬಿಯಲ್ಲಿ ಎಮಿರೇಟಿನ ಸಂಸ್ಥೆಗಳೇ.

ಶಾಲೆ ಮತ್ತು ಆಸ್ಪತ್ರೆಯ ವಿಷಯದಲ್ಲಿ ಸರ್ಕಾರ ಹೆಚ್ಚಾಗಿ ಮೇಲ್ವಿಚಾರಕನ ಸ್ಥಾನದಲ್ಲಿದೆ. ವಿದೇಶಿಯರ ಮಕ್ಕಳು ಬಹುತೇಕ ಓದುವುದು ಖಾಸಗಿ ಶಾಲೆಗಳಲ್ಲಿ. ಶುಲ್ಕಕ್ಕೆ ಒಪ್ಪಿಗೆ ಕೊಡುವುದು, ತಪಾಸಣೆ ಮಾಡಿ ದರ್ಜೆ ಪ್ರಕಟಿಸುವುದು ಶಿಕ್ಷಣ ಇಲಾಖೆಯ ಕೆಲಸ. ವಿಲ್ಲಾಗಳಲ್ಲೇ ನಡೆಯುತ್ತಿದ್ದ ಹಳೆಯ ಶಾಲೆಗಳನ್ನು ಸುರಕ್ಷತೆಯ ಕಾರಣಕ್ಕೆ ಈ ಇಲಾಖೆಯೇ ಹಂತಹಂತವಾಗಿ ಮುಚ್ಚಿಸಿತು. 2005ರ ಕಾನೂನಿನಿಂದ ಆರೋಗ್ಯ ವಿಮೆ ಕಡ್ಡಾಯ. ನೌಕರನ ವಿಮೆ ಉದ್ಯೋಗದಾತನ ಹೊಣೆ. ಖಲೀಫಾ ಸಿಟಿಯಲ್ಲಿರುವ ಎನ್‌ಎಂಸಿ ರಾಯಲ್ ಆಸ್ಪತ್ರೆಯ ಹೆಸರಿನ ಹಿಂದೆ ಕನ್ನಡಿಗರಿಗೆ ಪರಿಚಿತವಾದ ಒಂದು ಕಥೆಯಿದೆ. ಉಡುಪಿ ಪುರಸಭೆಯ ಉಪಾಧ್ಯಕ್ಷರಾಗಿದ್ದ ಬಿ.ಆರ್. ಶೆಟ್ಟಿ ಅಬುಧಾಬಿಗೆ ಬಂದು 1975ರಲ್ಲಿ ಕಟ್ಟಿದ ಸಂಸ್ಥೆ ಎನ್‌ಎಂಸಿ. 2020ರ ಆರ್ಥಿಕ ಕುಸಿತದಲ್ಲಿ ಅದು ಬೇರೆ ಕೈಗಳಿಗೆ ಹೋಯಿತು. ಆಸ್ಪತ್ರೆಗಳು ಮಾತ್ರ ನಿಲ್ಲದೆ ನಡೆದವು. ಊರಿನಲ್ಲಿ ಪುರಸಭೆಯ ಚುನಾಯಿತ ಸ್ಥಾನದಲ್ಲಿದ್ದು ಬಂದವರಿಗೂ ಇಲ್ಲಿ ನಾಗರಿಕ ಜೀವನದ ದಾರಿಗಳು ಉದ್ಯಮ ಮತ್ತು ಸಂಘಟನೆ. ಅಬುಧಾಬಿ ಕರ್ನಾಟಕ ಸಂಘದಂಥ ಸಂಸ್ಥೆಗಳು ಬೆಳೆದದ್ದು ಈ ಎರಡನೆಯ ದಾರಿಯಲ್ಲಿ.

ನಿವಾಸಿಗೂ ಆಡಳಿತಕ್ಕೂ ಇರುವ ದಿನನಿತ್ಯದ ವ್ಯವಹಾರ ಹೇಗಿದೆ ಎಂದು ನೋಡಲು ತಿಂಗಳ ನೀರು-ವಿದ್ಯುತ್ ಬಿಲ್ಲನ್ನು ಕೈಗೆತ್ತಿಕೊಳ್ಳಬಹುದು. ಬಳಕೆಯನ್ನು ಅದು ಹಸಿರು ಮತ್ತು ಕೆಂಪು ಎಂಬ ಎರಡು ಪಟ್ಟಿಗಳಲ್ಲಿ ತೋರಿಸುತ್ತದೆ. ನಿಗದಿತ ಮಿತಿಯೊಳಗಿನದು ಹಸಿರು, ಮಿತಿ ಮೀರಿದ್ದು ಕೆಂಪು, ಕೆಂಪಿಗೆ ದರ ಹೆಚ್ಚು. ನಾಗರಿಕರಿಗೊಂದು ದರ, ವಿದೇಶಿಯರಿಗೊಂದು ದರ. 2015ರ ಜನವರಿಯಲ್ಲಿ ವಿದೇಶಿಯರ ನೀರಿನ ದರ ಸಾವಿರ ಲೀಟರಿಗೆ 2.2 ದಿರ್ಹಮ್‌ನಿಂದ 5.95ಕ್ಕೆ ಏರಿತು, ಅದುವರೆಗೆ ಉಚಿತವಾಗಿ ಪಡೆಯುತ್ತಿದ್ದ ನಾಗರಿಕರೂ ಅಂದಿನಿಂದ 1.7 ದಿರ್ಹಮ್ ಕೊಡಬೇಕಾಯಿತು. 2016ರಲ್ಲಿ ಇದೇ ಬಿಲ್ಲಿಗೆ ಇನ್ನೊಂದು ಸಾಲು ಸೇರಿತು: ಪುರಸಭೆ ಶುಲ್ಕ. ವಿದೇಶಿ ಬಾಡಿಗೆದಾರರ ವಾರ್ಷಿಕ ಬಾಡಿಗೆಯ ಶೇ. 3 ಎಂದು ಆಗ ನಿಗದಿಯಾದ ಈ ಮೊತ್ತವನ್ನು ಕಂತುಗಳಾಗಿ ಒಡೆದು ವಿದ್ಯುತ್ ಬಿಲ್ಲಿನ ಜೊತೆಗೇ ವಸೂಲಿ ಮಾಡುವ ಏರ್ಪಾಡು. ದುಬೈಯಲ್ಲಿ ಇಂಥದೇ ವಸತಿ ಶುಲ್ಕ ಶೇ. 5. ನಮ್ಮ ಊರುಗಳಲ್ಲಿ ಮನೆ ಕಂದಾಯ ಕಟ್ಟುವವನು ಮನೆಯ ಒಡೆಯ. ಇಲ್ಲಿ ಪುರಸಭೆಗೆ ತಿಂಗಳು ತಿಂಗಳು ಹಣ ಕೊಡುವವನು ಬಾಡಿಗೆದಾರ. ಎಮಿರೇಟ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ಇಲ್ಲಿನ ನಿವಾಸಿ ಏನೂ ಕೊಡದೆ ಸೇವೆ ಪಡೆಯುತ್ತಾನೆ ಎಂಬ ಮಾತು ಈ ಬಿಲ್ಲಿನ ಮುಂದೆ ನಿಲ್ಲುವುದಿಲ್ಲ.

ಆ ಬಿಲ್ಲು ನಿವಾಸಿಯ ಹೆಸರಿಗೆ ಬರಬೇಕಾದರೆ ಮೊದಲು ಬೇಕಾದದ್ದು ತೌತೀಕ್. ಬಾಡಿಗೆ ಕರಾರನ್ನು ಸರ್ಕಾರದಲ್ಲಿ ನೋಂದಾಯಿಸುವ ವ್ಯವಸ್ಥೆಯ ಹೆಸರು ಅದು. ನೋಂದಾಯಿಸುವವನು ಮನೆಯ ಒಡೆಯ ಅಥವಾ ಅವನ ಪರವಾಗಿ ಆಸ್ತಿ ನೋಡಿಕೊಳ್ಳುವ ಕಂಪನಿ. ಬಾಡಿಗೆದಾರ ತನ್ನ ಎಮಿರೇಟ್ಸ್ ಐಡಿ, ಪಾಸ್‌ಪೋರ್ಟ್ ವಿವರಗಳನ್ನು ಕೊಡುತ್ತಾನೆ. ಕರಾರಿಗೆ ಒಂದು ಸಂಖ್ಯೆ ಬೀಳುತ್ತದೆ. ಆ ಸಂಖ್ಯೆಯಿಂದ ನೀರು-ವಿದ್ಯುತ್ ಖಾತೆ ತೆರೆಯುತ್ತದೆ. ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ವೀಸಾಕ್ಕೆ ಅರ್ಜಿ ಹಾಕುವಾಗ ಅದನ್ನೇ ತೋರಿಸಬೇಕು. ಬಾಡಿಗೆಯ ಜಗಳ ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಕೈಹಿಡಿಯುವ ದಾಖಲೆಯೂ ಅದೇ. ಹಿಂದೆ ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆ ಹೇಳಿ, ಮಸೀದಿಯನ್ನೋ ಅಂಗಡಿಯನ್ನೋ ಗುರುತಾಗಿ ಕೊಟ್ಟು ದಾರಿ ತೋರಿಸಬೇಕಾಗಿದ್ದ ಬಡಾವಣೆಗಳಿಗೆ ಒನ್ವಾನಿ ಯೋಜನೆಯಡಿ ರಸ್ತೆಯ ಹೆಸರೂ ಗೇಟಿನ ಮೇಲೆ ಕ್ಯುಆರ್ ಕೋಡ್ ಇರುವ ಸಂಖ್ಯಾಫಲಕವೂ ಬಂದವು. ಫಲಕ ವಿಲ್ಲಾವನ್ನು ಗುರುತಿಸುತ್ತದೆ. ಅದರೊಳಗೆ ಯಾರಿದ್ದಾರೆ ಎಂದು ಹೇಳುವುದು ತೌತೀಕ್. ಮತದಾರರ ಪಟ್ಟಿಯಿಲ್ಲದ ಊರಿನಲ್ಲಿ ನಿವಾಸಿಗಳ ಪಟ್ಟಿಯ ಕೆಲಸವನ್ನು ಬಾಡಿಗೆ ದಾಖಲೆ ಮಾಡುತ್ತಿದೆ.

ಪಟ್ಟಿಯ ಹೊರಗೆ ಉಳಿದವರನ್ನು ನೋಡಲು ಖಲೀಫಾ ಸಿಟಿಗಿಂತ ತಕ್ಕ ಜಾಗ ಬೇರೆ ಸಿಗಲಾರದು. ಇಲ್ಲಿನ ವಿಲ್ಲಾಗಳನ್ನು ಕಟ್ಟಿದ್ದು ದೊಡ್ಡ ಎಮಿರಾತಿ ಕುಟುಂಬಗಳ ವಾಸಕ್ಕೆ. ಬಾಡಿಗೆಗೆ ಕೊಟ್ಟಾಗ ಒಂದು ವಿಲ್ಲಾದ ಪೂರ್ತಿ ಬಾಡಿಗೆ ತೆರಬಲ್ಲ ಸಂಸಾರಗಳು ಕಡಿಮೆ; ಒಂದು ಕೋಣೆ, ಒಂದು ಬಚ್ಚಲು, ಮೂಲೆಯಲ್ಲಿ ಅಡುಗೆ ಕಟ್ಟೆ ಸಿಕ್ಕರೆ ಸಾಕೆನ್ನುವವರು ಬಹಳ. ಹೀಗಾಗಿ ವಿಲ್ಲಾದೊಳಗೆ ಜಿಪ್ಸಮ್ ಗೋಡೆಗಳೆದ್ದು ಪಾರ್ಟಿಷನ್ ಸ್ಟುಡಿಯೊಗಳಾದವು, ಕಾಂಪೌಂಡಿಗೆ ಇನ್ನೊಂದು ಬಾಗಿಲು ಬಂತು. ನೀರು, ಕರೆಂಟು ಬಾಡಿಗೆಯಲ್ಲೇ ಸೇರಿರುತ್ತದೆ. ಬಾಡಿಗೆದಾರನ ಹೆಸರಿನಲ್ಲಿ ಬಿಲ್ಲಿಲ್ಲ, ಕರಾರಿಲ್ಲ. ಇಲ್ಲಿನ ಕೋಣೆಗಳ ಜಾಹೀರಾತುಗಳಲ್ಲಿ ತೌತೀಕ್ ಸಿಗುತ್ತದೆ ಎಂಬುದನ್ನು ಹವಾನಿಯಂತ್ರಣ, ಪಾರ್ಕಿಂಗ್‌ಗಳ ಜೊತೆಗೆ ಒಂದು ವಿಶೇಷ ಅನುಕೂಲವಾಗಿ ಬರೆಯುತ್ತಾರೆ ಎಂದರೆ ಅದು ಸಿಗದ ಕೋಣೆಗಳು ಎಷ್ಟು ಸಾಮಾನ್ಯ ಎಂಬುದು ತಿಳಿಯುತ್ತದೆ. ಪುರಸಭೆ ಕಳೆದ ದಶಕದ ಆರಂಭದಲ್ಲೇ ‘ಒಂದು ವಿಲ್ಲಾ, ಒಂದು ಕುಟುಂಬ’ ಎಂಬ ಅಭಿಯಾನ ನಡೆಸಿತು. ವಸತಿ ಘಟಕಗಳಲ್ಲಿ ಎಷ್ಟು ಜನ, ಹೇಗೆ ಇರಬಹುದು ಎಂಬುದನ್ನು ನಿಯಂತ್ರಿಸಲು 2019ರಲ್ಲಿ ಪ್ರತ್ಯೇಕ ಕಾನೂನೇ ಬಂತು. ತಪಾಸಣೆ ನಡೆದಾಗ ದಂಡ ಬೀಳುವುದು ಒಡೆಯನ ಮೇಲೂ ಇರಬಹುದು, ಆದರೆ ಮನೆ ಖಾಲಿ ಮಾಡಬೇಕಾದವನು ಒಳಗಿರುವವನು. ಕರಾರಿಲ್ಲದ್ದರಿಂದ ಮುಂಗಡವಾಗಿ ಕೊಟ್ಟ ಬಾಡಿಗೆಯನ್ನು ಕೇಳಲೂ ಅವನ ಕೈಯಲ್ಲಿ ಕಾಗದವಿರುವುದಿಲ್ಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದ್ದು, ಅದು ಬಲವಾದದ್ದೇ. ಒಂದು ಸಂಸಾರಕ್ಕೆಂದು ಹಾಕಿದ ವೈರಿಂಗಿನ ಮೇಲೆ ಹತ್ತು ಹವಾನಿಯಂತ್ರಕಗಳು, ಹತ್ತು ಒಲೆಗಳು ನಡೆದರೆ ಬೆಂಕಿಯ ಅಪಾಯ ಖಂಡಿತ. ಚರಂಡಿ, ಪಾರ್ಕಿಂಗ್, ಕಸದ ತೊಟ್ಟಿ ಯಾವುದೂ ಆ ಲೆಕ್ಕಕ್ಕೆ ಕಟ್ಟಿದ್ದಲ್ಲ. ಪಾರ್ಟಿಷನ್‌ಗಳನ್ನು ಹಾಗೇ ಬಿಟ್ಟುಬಿಡಬೇಕೆಂದು ಯಾವ ಜವಾಬ್ದಾರಿಯುತ ಆಡಳಿತವೂ ಹೇಳಲಾರದು. ಆದರೆ ಗೋಡೆಯನ್ನು ಕೆಡವುವುದರಿಂದ ಅದನ್ನು ಎಬ್ಬಿಸಿದ ಕಾರಣ ಹೋಗುವುದಿಲ್ಲ. ಸಂಬಳಕ್ಕೂ ನೋಂದಾಯಿತ ಮನೆಯ ಬಾಡಿಗೆಗೂ ನಡುವಿನ ಅಂತರ ಹಾಗೇ ಇರುವವರೆಗೆ ಇಲ್ಲಿಂದ ಎದ್ದವರು ನೆರೆಯ ಮುಸಫ್ಫಾದಲ್ಲೋ ಮೊಹಮ್ಮದ್ ಬಿನ್ ಝಾಯೆದ್ ಸಿಟಿಯಲ್ಲೋ ಇನ್ನೊಂದು ಪಾರ್ಟಿಷನ್ ಹುಡುಕುತ್ತಾರೆ. ದುಬೈ 2022ರಲ್ಲಿ ಬೇರೊಂದು ದಾರಿ ಹಿಡಿಯಿತು: ಮನೆಯಲ್ಲಿ ಕರಾರುದಾರನ ಜೊತೆ ಇರುವ ಪ್ರತಿಯೊಬ್ಬರ ಹೆಸರನ್ನೂ ಭೂ ಇಲಾಖೆಯ ಆ್ಯಪ್‌ನಲ್ಲಿ ದಾಖಲಿಸಬೇಕೆಂದಿತು. ದುಬೈಯಲ್ಲೂ ಪಾರ್ಟಿಷನ್ ಅಕ್ರಮವೇ, ಈ ಆದೇಶದ ಉದ್ದೇಶವೂ ನಿಯಂತ್ರಣವೇ. ಆದರೂ ಜೊತೆವಾಸಿಯ ಹೆಸರು ದಾಖಲೆಗೆ ಬರುವುದು ಅವನು ನಿವಾಸಿ ಎಂದು ಒಪ್ಪುವತ್ತ ಮೊದಲ ಹೆಜ್ಜೆ. ಹೆಸರಿಲ್ಲದವನ ಅಗ್ನಿಸುರಕ್ಷತೆಯ ಬಗ್ಗೆ ಕಾಳಜಿ ವಹಿಸುತ್ತೇವೆ ಎನ್ನುವ ಮಾತಿಗೆ ಅರ್ಥ ಬರಬೇಕಾದರೆ ಅವನು ಎಲ್ಲಿದ್ದಾನೆ ಎಂದು ಮೊದಲು ಗೊತ್ತಿರಬೇಕು, ಹೆಸರು ಹೇಳಿದರೆ ಹೊರದೂಡುತ್ತಾರೆ ಎಂಬ ಭಯ ಅವನಿಗಿರಬಾರದು.

ಎರಡನೆಯ ಆಕ್ಷೇಪ ಕರ್ನಾಟಕದಿಂದಲೇ ಬರುತ್ತದೆ. ಮತವಿದ್ದು ಏನಾಯಿತು ಎಂದು ಕೇಳುವವರಿದ್ದಾರೆ, ಅವರ ಬಳಿ ಸಾಕಷ್ಟು ಪುರಾವೆಯೂ ಇದೆ. 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆಸಿ ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಟ್ಟು ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇಂದಿಗೂ ನೀರ್ ಸಾಬ್ ಎಂದು ನೆನೆಯುತ್ತಾರೆ. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳೇ ನಡೆಸಿಕೊಂಡು ಬಂದರು. ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರ್ ನಂತರ ಕಾರ್ಪೊರೇಟರ್‌ಗಳೇ ಇರಲಿಲ್ಲ. ಇತ್ತ ಅಬುಧಾಬಿಯಲ್ಲಿ ತಮ್ ಎಂಬ ಒಂದೇ ಆ್ಯಪ್‌ನಿಂದ ಬಹುತೇಕ ಸರ್ಕಾರಿ ಕೆಲಸ ಆಗುತ್ತದೆ. 800555ಕ್ಕೆ ಕರೆ ಮಾಡಿ ಒಡೆದ ಕಾಲುದಾರಿಯ ಬಗ್ಗೆ ದೂರು ಕೊಟ್ಟರೆ ದೂರಿಗೊಂದು ಸಂಖ್ಯೆ ಸಿಗುತ್ತದೆ. ಕಚೇರಿಗೆ ಅಲೆಯಬೇಕಿಲ್ಲ, ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ. ಈ ಹೋಲಿಕೆಯಲ್ಲಿ ಅಬುಧಾಬಿ ಗೆಲ್ಲುತ್ತದೆ ಎಂಬುದನ್ನು ಒಪ್ಪಲೇಬೇಕು.

ಆದರೆ ಈ ಹೋಲಿಕೆ ತೋರಿಸುವುದು ಸೇವೆಯ ಚುರುಕಿಗೂ ಚುನಾವಣೆಗೂ ನೇರ ಸಂಬಂಧವಿಲ್ಲ ಎಂಬುದನ್ನು. ಮಾತಾಡುವ ಹಕ್ಕು ಬೇಡ ಎಂಬುದನ್ನಲ್ಲ. ಸೇವೆಯ ಚುರುಕಿಗೆ ಬೇಕಾದದ್ದು ಹಣ, ಸಿಬ್ಬಂದಿ, ಕಾಲಮಿತಿ. ಕರ್ನಾಟಕದ ಸಕಾಲ ಕಾಯ್ದೆ 2012ರಲ್ಲಿ ಜಾರಿಯಾದಾಗ ಇಂಥ ದಿನದೊಳಗೆ ಕೆಲಸವಾಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದಿತು. ಪರಿಹಾರ ಸಣ್ಣದು, ಆದರೆ ಅದು ಅಧಿಕಾರಿಯ ಮೇಲೆ ನಾಗರಿಕನಿಗಿರುವ ಕಾನೂನಿನ ಹಕ್ಕು. ಒಡೆದ ಕಾಲುದಾರಿಯ ದೂರು ಅದೇ ಬಗೆಯದು, ನಿಯಮ ಇದ್ದಂತೆ ನಡೆಯಲಿಲ್ಲ ಎಂದು ಹೇಳುವಂಥದ್ದು. ನಿಯಮವೇ ಸರಿಯಿಲ್ಲ ಎಂದು ಹೇಳಲು ಬೇರೆ ಬಾಗಿಲು ಬೇಕು. ಬಾಡಿಗೆಯನ್ನು ವರ್ಷಕ್ಕೆ ಶೇ. 5ಕ್ಕಿಂತ ಏರಿಸಬಾರದೆಂಬ ಮಿತಿಯನ್ನು ಅಬುಧಾಬಿ 2013ರ ನವೆಂಬರ್‌ನಲ್ಲಿ ತೆಗೆದುಹಾಕಿತು, 2016ರ ಡಿಸೆಂಬರ್‌ನಲ್ಲಿ ಮತ್ತೆ ತಂದಿತು. ನಡುವಿನ ಮೂರು ವರ್ಷ ಕರಾರು ನವೀಕರಿಸುವಾಗ ಒಡೆಯ ಹೇಳಿದ್ದೇ ಬಾಡಿಗೆ. ಮಿತಿ ತೆಗೆದದ್ದೂ ತಂದದ್ದೂ ಅಧಿಕಾರಸ್ಥರ ವಿವೇಚನೆಯಿಂದ. ಬಾಡಿಗೆ ಕಟ್ಟುವವರ ಅಭಿಪ್ರಾಯ ದಾಖಲಾಗುವ ಔಪಚಾರಿಕ ಹಂತವೊಂದು ಎರಡೂ ಸಲ ಇರಲಿಲ್ಲ.

ವಿದೇಶಿಯರಿಗೆ ಯಾವ ದೇಶ ತಾನೇ ಮತ ಕೊಡುತ್ತದೆ ಎಂಬುದು ಮೂರನೆಯ ಆಕ್ಷೇಪ. ಕೆಲವು ಕೊಡುತ್ತವೆ. ಸ್ವೀಡನ್ 1976ರಿಂದ ತನ್ನಲ್ಲಿ ಮೂರು ವರ್ಷ ನೆಲೆಸಿದ ವಿದೇಶಿಯರಿಗೂ ಪುರಸಭೆ ಮತ್ತು ಕೌಂಟಿ ಮಂಡಳಿಯ ಚುನಾವಣೆಗಳಲ್ಲಿ ಮತ ಹಾಕಲು ಬಿಟ್ಟಿದೆ. ಸಂಸತ್ತಿಗಲ್ಲ, ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ದೇಶದ ಭವಿಷ್ಯ ನಾಗರಿಕರ ವಿಷಯ, ಬೀದಿಯ ಚರಂಡಿ ಅಲ್ಲಿ ವಾಸಿಸುವ ಎಲ್ಲರ ವಿಷಯ ಎಂಬ ವಿವೇಕ ಅದರಲ್ಲಿದೆ. ನಾಗರಿಕರೇ ಕಡಿಮೆ ಸಂಖ್ಯೆಯಲ್ಲಿರುವ ಎಮಿರೇಟ್ಸ್‌ಗೆ ಈ ಮಾದರಿ ಹೊಂದುವುದಿಲ್ಲ ಎಂಬ ಎದುರುವಾದದಲ್ಲಿ ಹುರುಳಿದೆ, ನೆಲದ ಜನರ ಆತಂಕವನ್ನು ತಳ್ಳಿಹಾಕುವುದು ಸರಿಯಲ್ಲ. ಅವರಿಗೆ ತಮ್ಮದೇ ದಾರಿಯೊಂದು ಹಿಂದಿನಿಂದ ಇದೆ: ಮಜ್ಲಿಸ್. ಅರಸರ, ಹಿರಿಯರ ಮುಂದೆ ಕುಳಿತು ನೇರವಾಗಿ ಅಹವಾಲು ಹೇಳುವ ಈ ಪದ್ಧತಿಯನ್ನು ಯುನೆಸ್ಕೊ 2015ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಲ, ಪರಿಚಯ, ಅರಬ್ಬಿ ಭಾಷೆ ಇರುವವರಿಗೆ ಅದು ನಿಜವಾದ ಬಾಗಿಲು. ಬಂಟ್ವಾಳದಿಂದಲೋ ಭಟ್ಕಳದಿಂದಲೋ ಬಂದು ಪಾರ್ಟಿಷನ್ ಕೋಣೆಯಲ್ಲಿರುವ ಡ್ರೈವರಿಗೆ ಅಲ್ಲ. ಊರಿನ ಮತವೂ ಅವನಿಗೆ ದೂರವೇ: ಸಾಗರೋತ್ತರ ಭಾರತೀಯರು ಮತದಾರರ ಪಟ್ಟಿಗೆ ಸೇರಲು 2010ರ ತಿದ್ದುಪಡಿ ಅವಕಾಶ ಕೊಟ್ಟಿದೆ, ಆದರೆ ಮತ ಹಾಕಲು ಖುದ್ದಾಗಿ ಊರಿಗೇ ಹೋಗಬೇಕು.

ಹಾಗೆಂದು ಚುನಾವಣೆಯೊಂದೇ ಪರಿಹಾರ ಎಂದು ಹಿಡಿದು ಕೂರಬೇಕಾಗಿಲ್ಲ. ಅಬುಧಾಬಿಯ ಆಡಳಿತ ಈಗಾಗಲೇ ತಾನೇ ಇಟ್ಟಿರುವ ಹೆಜ್ಜೆಗಳಲ್ಲಿ ಮುಂದಿನ ದಾರಿ ಕಾಣುತ್ತದೆ. 2018ರಲ್ಲಿ ಸ್ಥಾಪನೆಯಾದ ಸಮುದಾಯ ಅಭಿವೃದ್ಧಿ ಇಲಾಖೆ ಮುಸ್ಲಿಮೇತರರ ಪೂಜಾಸ್ಥಳಗಳಿಗೆ ಪರವಾನಗಿ ಕೊಟ್ಟು ನೋಡಿಕೊಳ್ಳುತ್ತದೆ. 2024ರ ಫೆಬ್ರವರಿಯಲ್ಲಿ ಅಬು ಮುರೈಖಾದ ಹಿಂದೂ ಮಂದಿರ ತೆರೆದಾಗ ವಿದೇಶಿ ಸಮುದಾಯಗಳನ್ನು ಸಮುದಾಯಗಳಾಗಿಯೇ ಕಂಡು ಮಾತಾಡಬಲ್ಲ ಸರ್ಕಾರ ಇದು ಎಂಬುದು ಗೊತ್ತಾಯಿತು. ಪೂಜೆಯ ವಿಷಯದಲ್ಲಿ ಆದದ್ದು ವಸತಿಯ ವಿಷಯದಲ್ಲೂ ಆಗಬಹುದು. ಬಾಡಿಗೆ, ವಾಸದ ಮಿತಿ, ನೀರಿನ ದರ ಬದಲಾಗುವ ಮೊದಲು ಕರಡನ್ನು ತಮ್ ಆ್ಯಪ್‌ನಲ್ಲೇ ಪ್ರಕಟಿಸಿ, ಕರಾರುದಾರರೊಂದಿಗೆ ಜೊತೆವಾಸಿಗಳ ಅಭಿಪ್ರಾಯವನ್ನೂ ಕೇಳುವುದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಭಾಷೆಯ ತೊಡಕೂ ದೊಡ್ಡದಲ್ಲ. 2019ರ ಫೆಬ್ರವರಿಯಲ್ಲಿ ಅಬುಧಾಬಿ ನ್ಯಾಯಾಂಗ ಇಲಾಖೆ ಕಾರ್ಮಿಕ ವ್ಯಾಜ್ಯಗಳಿಗೆ ಅರಬ್ಬಿ, ಇಂಗ್ಲಿಷ್‌ಗಳ ಜೊತೆ ಹಿಂದಿಯನ್ನೂ ಸೇರಿಸಿತು. ಅಂದಿನಿಂದ ಸಂಬಳ ಸಿಗದ ಕೂಲಿಕಾರ ಹಿಂದಿಯ ನಮೂನೆಯಲ್ಲೇ ದಾವೆ ಹೂಡಬಹುದು. ಅದೇ ಕಾರ್ಮಿಕ ರಾತ್ರಿ ಮಲಗುವ ಕೋಣೆಯ ಕರಾರಿನ ಬಗ್ಗೆ ಪುರಸಭೆಯೂ ಅವನಿಗೆ ತಿಳಿಯುವ ಭಾಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು ಆಗದ ಕೆಲಸವೇನಲ್ಲ.